ಕುತ್ತಿಗೆಯ ಗುಳ್ಳೆ, 41 ದಿನದ ಗಡ್ಡ ಮತ್ತು ಒಂದು ಟ್ರಿಮ್ಮರ್

ಟ್ರಿಮ್ಮರ್ ಬಗ್ಗೆ ಬರೆಯೋಣ ಅಂತ ಕೂತವನು ಅಯ್ಯಪ್ಪನ ಮಾಲೆಯಿಂದ ಶುರು ಮಾಡಬೇಕಾಗಿದೆ. ಬೇರೆ ದಾರಿಯಿಲ್ಲ. ಆ ವರ್ಷ ಮಾಲೆ ಹಾಕದೇ ಹೋಗಿದ್ದರೆ ಈ ಮಷೀನನ್ನು ನಾನು ಕೊಳ್ಳುತ್ತಲೇ ಇರಲಿಲ್ಲ.

ಮೈಸೂರಿನ ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ನನ್ನದು. ಹನ್ನೊಂದು ವರ್ಷ ಆಯಿತು. ಮನೆ ನಂಜನಗೂಡು. ಬೆಳಗಿನ ಶಿಫ್ಟ್ ಇದ್ದರೆ ನಾಲ್ಕೂಮುಕ್ಕಾಲಿಗೆ ಕನ್ನಡಿ ಮುಂದೆ ನಿಂತಿರಬೇಕು. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: ಬಿಳಿ ಶರ್ಟು, ಟೈ, ಕ್ಲೀನ್ ಶೇವ್. ಮೀಸೆ ಬಿಡಬಹುದು, ಗಡ್ಡ ಕೂಡದು. ದಸರಾ ಸೀಸನ್ನಿನಲ್ಲಂತೂ ನಮ್ಮ ಮ್ಯಾನೇಜರ್ ಸಾಲಾಗಿ ನಿಲ್ಲಿಸಿ ಮುಖ ನೋಡುತ್ತಾರೆ.

ನನ್ನ ಗಡ್ಡ ಗುಂಗುರು. ತಲೆಯಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ, ಗಡ್ಡ ಮಾತ್ರ ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ. ದಿನಾ ಶೇವ್ ಮಾಡಲು ಶುರುವಾದ ಒಂದೆರಡು ತಿಂಗಳಿಗೇ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿಗೆ ಗುಳ್ಳೆಗಳು ಎದ್ದವು. ಕೆಲವು ಕೆಂಪು, ಕೆಲವಕ್ಕೆ ಕೀವು. ಟೈ ಬಿಗಿದರೆ ಉರಿ. ಮಧ್ಯಾಹ್ನದ ಬೆವರಿಗೆ ತುರಿಕೆ. ಬಿಳಿ ಕಾಲರಿನ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ. ಅದು ಮೊಡವೆ ಅಂತಲೇ ನಾನು ನಂಬಿದ್ದೆ. ಮೂವತ್ತು ದಾಟಿದವನಿಗೆ ಇದೆಂಥ ಮೊಡವೆ ಅಂತ ಒಂದು ಸಲವೂ ಅನ್ನಿಸಲಿಲ್ಲ, ನೋಡಿ.

ಮದ್ದು ಏನೇನು ಮಾಡಿದೆ ಅಂತ ಪೂರ್ತಿ ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಅಮ್ಮ ಅರಿಶಿನ ಹಚ್ಚಿದರು, ಕಾಲರ್ ಹಳದಿಯಾಯಿತು. ಸಹೋದ್ಯೋಗಿಯೊಬ್ಬ ನಿಂಬೆಹಣ್ಣು ಅಂದ. ಆಗಷ್ಟೇ ಶೇವ್ ಮಾಡಿದ ಕುತ್ತಿಗೆಗೆ ನಿಂಬೆರಸ ಹಚ್ಚಿಕೊಂಡು ಬಚ್ಚಲಲ್ಲಿ ಕುಣಿದಿದ್ದೇನೆ. ಸ್ಫಟಿಕದ ಕಲ್ಲು ಉಜ್ಜಿದೆ. ಗಾಯವಾದ ಕಡೆ ರಕ್ತ ನಿಲ್ಲುತ್ತದೆ ನಿಜ, ಗುಳ್ಳೆಗೆ ಅದರಿಂದ ಏನೂ ಆಗಲಿಲ್ಲ.

ಆದರೆ ಒಂದು ತಪ್ಪನ್ನು ಹೇಳಲೇಬೇಕು. ಮೆಡಿಕಲ್ ಶಾಪಿಗೆ ಹೋಗಿ ಕುತ್ತಿಗೆ ತೋರಿಸಿದೆ. ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ಕೆಂಪೆಲ್ಲ ಮಾಯ! ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ. ಮತ್ತೆ ಹಚ್ಚು, ಮತ್ತೆ ನಿಲ್ಲಿಸು. ಹೀಗೆ ಐದು ತಿಂಗಳು. ಅದರಲ್ಲಿ ಕ್ಲೋಬೆಟಾಸಾಲ್ ಅನ್ನುವ ಜೋರು ಸ್ಟೀರಾಯ್ಡ್ ಇತ್ತು, ಜೊತೆಗೆ ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು ಮದ್ದು. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತ್ತು. ನಾನು ಕೇಳಿದ್ದು ಅದಾದ ಮೇಲೆಯೇ, ಅವರು ಕೊಟ್ಟದ್ದೂ ಆಮೇಲೆಯೇ. ಕುತ್ತಿಗೆಯ ಚರ್ಮ ತೆಳುವಾಗಿ ಒಳಗಿನ ಎಳೆ ಎಳೆ ರಕ್ತನಾಳ ಕಾಣುತ್ತಿತ್ತು. ಗುಳ್ಳೆ ಇದ್ದಲ್ಲೇ ಇತ್ತು.

ಆ ನವೆಂಬರಿನಲ್ಲಿ ಮಾಲೆ ಹಾಕಿದೆ. ನಮ್ಮ ಹೋಟೆಲಿನಲ್ಲಿ ಮಾಲೆ ಹಾಕಿದವರಿಗೆ ಮಾತ್ರ ಗಡ್ಡಕ್ಕೆ ಮಾಫಿ. ರಿಸೆಪ್ಷನ್ ಬಿಡಿಸಿ ಒಳಗೆ ಬಿಲ್ಲಿಂಗಿಗೆ ಹಾಕುತ್ತಾರೆ. 41 ದಿನ ಬರಿಗಾಲು, ತಣ್ಣೀರು ಸ್ನಾನ, ಕಪ್ಪು ಬಟ್ಟೆ, ಬ್ಲೇಡು ಮುಟ್ಟುವ ಹಾಗಿಲ್ಲ. ಮೊದಲ ವಾರ ತುರಿಕೆ ತಡೆಯಲಾಗಲಿಲ್ಲ. ಮೂರನೇ ವಾರ ಬರುವಷ್ಟರಲ್ಲಿ ಕೈ ಆಡಿಸಿದರೆ ಗುಳ್ಳೆಗಳು ಸಿಗುತ್ತಲೇ ಇಲ್ಲ. ಶಬರಿಮಲೆಗೆ ಹೊರಡುವ ಹೊತ್ತಿಗೆ ಕುತ್ತಿಗೆಯಲ್ಲಿ ಹಳೆಯ ಕಲೆಗಳು ಬಿಟ್ಟರೆ ಏನೂ ಇಲ್ಲ. ಗುರುಸ್ವಾಮಿಗಳು ನೋಡಿ, 'ಎಲ್ಲಾ ಸ್ವಾಮಿ ದಯೆ ಕಣಪ್ಪ' ಅಂದರು. ನಾನೂ ಕೈ ಮುಗಿದೆ.

ವಾಪಸ್ಸು ಬಂದು ಮಾಲೆ ತೆಗೆದ ಮರುದಿನ ಐದು ಬ್ಲೇಡಿನ ಹೊಸ ರೇಜರ್ ತಂದು, ಕೆಳಗಿಂದ ಮೇಲಕ್ಕೆ ಉಲ್ಟಾ ಎಳೆದು ಕನ್ನಡಿ ತರ ಮಾಡಿಕೊಂಡೆ. ನಾಲ್ಕನೇ ದಿನಕ್ಕೆ ಎಲ್ಲ ಗುಳ್ಳೆಗಳೂ ಹಾಜರ್.

ಆಗ ಹೋದೆ ಚರ್ಮದ ಡಾಕ್ಟರ ಹತ್ತಿರ. ಕಥೆಯೆಲ್ಲ ಹೇಳಿದೆ. ಮೇಡಂ ನಗುತ್ತಾ, 'ಸ್ವಾಮಿ ದಯೆ ಸರಿ. ಅದರ ಜೊತೆ ನೀವು 41 ದಿನ ಬ್ಲೇಡೂ ಮುಟ್ಟಿಲ್ಲವಲ್ಲ' ಅಂದರು. ಇದು ಮೊಡವೆ ಅಲ್ಲವಂತೆ. ಇದರ ಹೆಸರು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ. ಹೆಸರು ಕೇಳಿಯೇ ಅರ್ಧ ಹೆದರಿದೆ. ವಿಷಯ ಮಾತ್ರ ಸರಳ. ಕೂದಲು ಹೊರಗೆ ಬೆಳೆಯುವ ಬದಲು ಒಳಗೆ ಹೋಗುತ್ತಿದೆ, ಅಷ್ಟೇ.

ಅವರು ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಸಾಲು ಬ್ಲೇಡಿನ ರೇಜರಿನಲ್ಲಿ ಮೊದಲ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಅದು ಹಿಂದಕ್ಕೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಕತ್ತರಿಸುತ್ತದೆ. ತುಂಡಾದ ತುದಿ ಚರ್ಮಕ್ಕಿಂತ ಕೆಳಗೆ ಇಳಿದು ಕೂರುತ್ತದೆ. ಆ ನುಣುಪಿಗೇ ಅಲ್ವಾ ನಾವು ದುಡ್ಡು ಕೊಡುವುದು! ನೇರ ಕೂದಲಾದರೆ ಬಂದ ದಾರಿಯಲ್ಲೇ ಮೇಲೆ ಬರುತ್ತದೆ. ಗುಂಗುರು ಕೂದಲು ಬಾಗಿಕೊಂಡು ಪಕ್ಕದ ಗೋಡೆ ಕೊರೆಯುತ್ತದೆ. ಇನ್ನು ಕೆಲವು ಹೊರಗೆ ಬಂದ ಮೇಲೂ ಬಿಲ್ಲಿನ ಹಾಗೆ ಬಗ್ಗಿ, ಚೂಪು ತುದಿಯಿಂದ ಚರ್ಮವನ್ನು ಮತ್ತೆ ಚುಚ್ಚುತ್ತವೆ. ದೇಹಕ್ಕೆ ಅದು ಮುಳ್ಳು ಚುಚ್ಚಿದ ಹಾಗೆಯೇ. ಕೆಂಪಾಗುತ್ತದೆ, ಊದುತ್ತದೆ. ಗಡ್ಡ ಬಿಟ್ಟರೆ ಕೂದಲು ಉದ್ದವಾದಂತೆ ಸ್ಪ್ರಿಂಗಿನ ಹಾಗೆ ತಾನೇ ಕಿತ್ತುಕೊಂಡು ಹೊರಗೆ ಬರುತ್ತದೆ. ಮಾಲೆಯ ದಿನಗಳಲ್ಲಿ ನನ್ನ ಕುತ್ತಿಗೆಗೆ ಆದದ್ದು ಇದೇ.

ಮನೆಗೆ ಬಂದು ಅಪ್ಪನ ಕುತ್ತಿಗೆ ನೋಡಿದೆ. ಅವರದೂ ಇದೇ ಗುಂಗುರು. ಎಪ್ಪತ್ತು ದಾಟಿದೆ, ಒಂದು ಗುಳ್ಳೆ ಇಲ್ಲ. ಅವರು ಜೀವಮಾನದಲ್ಲಿ ಮನೆಯಲ್ಲಿ ಶೇವ್ ಮಾಡಿಕೊಂಡವರಲ್ಲ. ವಾರಕ್ಕೊಂದು ಸಲ ಕಟಿಂಗ್ ಶಾಪು. ಮಂಗಳವಾರ ಅಂಗಡಿಗೆ ರಜೆ, ಶನಿವಾರ ಅಪ್ಪನೇ ಹೋಗುವುದಿಲ್ಲ, ಉಳಿದದ್ದರಲ್ಲಿ ಒಂದು ದಿನ. ಒಂದೇ ಅಲಗಿನ ಕತ್ತಿ, ಮೇಲಿಂದ ಕೆಳಗೆ ಒಂದೇ ಸಲ. 'ಡಬಲ್ ಬೇಡ, ಬಿಡಪ್ಪ' ಅಂತ ಎದ್ದು ಬರುವ ಮನುಷ್ಯ. ಎರಡು ಬ್ಲೇಡಿನ ರೇಜರ್ ಮಾರುಕಟ್ಟೆಗೆ ಬಂದದ್ದು 1971ರಲ್ಲಿ, ಮೂರರದ್ದು 1998ರಲ್ಲಿ, ಐದರದ್ದು 2006ರಲ್ಲಿ. ಅಪ್ಪ ಈ ಮೂರನ್ನೂ ತಪ್ಪಿಸಿಕೊಂಡಿದ್ದಾರೆ. ನಾನು ದುಡ್ಡು ಕೊಟ್ಟು ಸಿಕ್ಕಿಹಾಕಿಕೊಂಡೆ.

ಡಾಕ್ಟರ್ ಕೊಟ್ಟ ಚಿಕಿತ್ಸೆ ಹೀಗಿತ್ತು. ನಾಲ್ಕು ವಾರ ಶೇವಿಂಗ್ ಪೂರ್ತಿ ಬಂದ್, ಅದಕ್ಕೆ ಹೋಟೆಲಿಗೆ ತೋರಿಸಲು ಒಂದು ಪತ್ರ. ರಾತ್ರಿ ಅಡಾಪಲೀನ್ 0.1% ಜೆಲ್, ಕಡಲೆಕಾಳಿನಷ್ಟು ತೆಗೆದು ಇಡೀ ಕುತ್ತಿಗೆಗೆ. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%. ಸ್ಟೀರಾಯ್ಡ್ ಟ್ಯೂಬನ್ನು ಅವರ ಕಸದಬುಟ್ಟಿಗೇ ಹಾಕಿಸಿದರು. ಒಳಗೆ ಸಿಕ್ಕಿದ ಕೂದಲು ಕಣ್ಣಿಗೆ ಕಂಡರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಒತ್ತಿ, ತುದಿಯನ್ನು ಮಾತ್ರ ಮೆಲ್ಲಗೆ ಎಬ್ಬಿಸಬೇಕು. ಚಿಮಟದಲ್ಲಿ ಕೀಳಬಾರದು. ಕಿತ್ತರೆ ಮುಂದಿನ ಕೂದಲು ಚರ್ಮದ ಅಡಿಯಿಂದಲೇ ಹೊರಡಬೇಕು, ಮತ್ತೆ ದಾರಿ ತಪ್ಪುತ್ತದೆ.

ಮೊದಲ ಎರಡು ವಾರ ಕುತ್ತಿಗೆ ಒಣಗಿ ಸಿಪ್ಪೆ ಎದ್ದಿತು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ: ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ಹೆಂಡತಿಯ ತವರಿನಿಂದ ಬಂದ ನೀಲಿ ಟವೆಲ್ಲು ಈಗ ಮೋಡದ ಚಿತ್ರ ಬಿಡಿಸಿದ ಹಾಗಿದೆ. ಬಿಳಿ ಟವೆಲ್ಲು ಇಟ್ಟುಕೊಳ್ಳಿ.

ಸರಿ, ಟ್ರಿಮ್ಮರ್. ನಾಲ್ಕು ವಾರ ಮುಗಿದ ಮೇಲೆ ಏನು ಮಾಡಲಿ ಅಂದಾಗ ಮೇಡಂ ಹೇಳಿದ್ದು, 'ನುಣುಪು ಮಾಡೋ ಆಸೆ ಬಿಡಿ, ಅರ್ಧ ಮಿಲಿಮೀಟರ್ ಉಳಿಸಿ.' ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ 1,349 ರೂಪಾಯಿ ಕೊಟ್ಟು ತಂದೆ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇಂಥದ್ದನ್ನು ನಾಲ್ಕಾರು ಕಂಪನಿಗಳು ಮಾಡುತ್ತವೆ. ನೋಡಬೇಕಾದ್ದು ಹೆಸರಲ್ಲ. ಬಾಚಣಿಗೆ ಕ್ಲಿಪ್ಪು ತೆಗೆದಾಗ ಎಷ್ಟು ಉಳಿಯುತ್ತದೆ ಅನ್ನುವುದನ್ನು ಡಬ್ಬದ ಮೇಲೆ ನೋಡಿ. 0.5 ಮಿ.ಮೀ. ಅಂತಿದ್ದರೆ ತಗೊಳ್ಳಿ. ಕೆಲವು 0.1, 0.2 ಅಂತ ಬಡಾಯಿ ಕೊಚ್ಚುತ್ತವೆ. ನಮ್ಮಂಥವರಿಗೆ ಆ ಬಡಾಯಿಯೇ ಬೇಡ.

ಎರಡು ವರ್ಷ ಮೂರು ತಿಂಗಳು ಬಳಸಿದ್ದೇನೆ. ದಿನಾ ನಾಲ್ಕು ನಿಮಿಷ. ನೊರೆ ಇಲ್ಲ, ನೀರಿಲ್ಲ, ಒಣ ಮುಖಕ್ಕೇ. ಒತ್ತಬಾರದು, ಸುಮ್ನೆ ಮೇಲೆ ತೇಲಿಸಬೇಕು. ಚರ್ಮವನ್ನು ಇನ್ನೊಂದು ಕೈಯಲ್ಲಿ ಎಳೆದು ಹಿಡಿಯುವ ಚಟ ಬಿಡಲು ನನಗೆ ಒಂದು ತಿಂಗಳು ಹಿಡಿಯಿತು. ಹೊಸ ಗುಳ್ಳೆ ತಿಂಗಳಿಗೆ ಒಂದೋ ಎರಡೋ. ಮೊದಲು ಎಣಿಸಲೂ ಆಗುತ್ತಿರಲಿಲ್ಲ. ಕಪ್ಪು ಕಲೆಗಳು ಹೋಗಲು ಮಾತ್ರ ಎಂಟು ತಿಂಗಳ ಮೇಲಾಯಿತು. ರೇಜರಿನ ಒಂದೊಂದು ಕಾರ್ಟ್ರಿಜ್ಜಿಗೆ ನೂರೈವತ್ತರ ಮೇಲೆ ಕೊಡುತ್ತಿದ್ದೆ. ಆ ಖರ್ಚು ನಿಂತು, ಮಷೀನಿನ ದುಡ್ಡು ಮೊದಲ ವರ್ಷವೇ ಹುಟ್ಟಿತು.

ಇನ್ನು ಬೈಗುಳ. ಚಾರ್ಜು ನಿಧಾನ, ಎಂಟು ಗಂಟೆ. ರಾತ್ರಿ ಸಿಕ್ಕಿಸಲು ಮರೆತರೆ ಬೆಳಿಗ್ಗೆ ಅರ್ಧ ಕೆನ್ನೆಗೆ ನಿಲ್ಲುತ್ತದೆ. ಒಮ್ಮೆ ನಿಂತೂ ಇದೆ, ಆ ಅರ್ಧ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಸ್ಸು ಹತ್ತಿದ್ದೇನೆ. ಗಂಟಲಿನ ಉಬ್ಬಿನ ಮೇಲೆ ಓಡಿಸುವಾಗ ಜೋಪಾನ, ಅಲ್ಲಿ ಕಚ್ಚುತ್ತದೆ. ಪುಡಿ ಕೂದಲು ವಾಶ್ ಬೇಸಿನ್ ತುಂಬಾ ಹಾರುತ್ತದೆ, ಶರ್ಟು ಹಾಕಿಕೊಳ್ಳುವ ಮೊದಲೇ ಮುಗಿಸಿ. ಜೊತೆಗೆ ಕೊಟ್ಟ ಬ್ರಷ್ ಎರಡನೇ ವಾರಕ್ಕೇ ಉದುರಿತು, ಹಳೆಯ ಹಲ್ಲುಜ್ಜುವ ಬ್ರಷ್ಷೇ ಮೇಲು. ತಿಂಗಳಿಗೊಮ್ಮೆ ಮಷೀನಿನ ಹಲ್ಲುಗಳಿಗೆ ಒಂದು ತೊಟ್ಟು ಎಣ್ಣೆ ಬಿಡದಿದ್ದರೆ ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಸಾಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ, ಇದು ಕ್ಲೀನ್ ಶೇವ್ ಅಲ್ಲ. ಲಾಬಿಯ ಬಿಳಿ ಲೈಟಿನ ಕೆಳಗೆ ನಿಂತರೆ ನಿನ್ನೆ ಶೇವ್ ಮಾಡಿದವನ ಹಾಗೆ ಕಾಣುತ್ತೇನೆ. ಮ್ಯಾನೇಜರ್ ಮೊದಲ ದಿನ ಹತ್ತಿರ ಬಂದು, 'ಏನಪ್ಪಾ, ರಾತ್ರಿ ನಿದ್ದೆ ಮಾಡ್ಲಿಲ್ವಾ?' ಅಂದರು. ಪತ್ರ ತೋರಿಸಿದೆ. ಓದಿ, ನನ್ನ ಕುತ್ತಿಗೆ ನೋಡಿ, ಆಮೇಲೆ ತಮ್ಮ ಕಾಲರ್ ಸರಿಸಿ ತೋರಿಸಿದರು. ಅವರಿಗೂ ಇತ್ತು! ಡಾಕ್ಟರ ನಂಬರ್ ಬರೆದುಕೊಂಡು ಹೋದರು. ಅವತ್ತಿನಿಂದ ಆ ಮಾತು ಎತ್ತಿಲ್ಲ.

ಮದುವೆ, ನಾಮಕರಣ ಅಂತ ನುಣ್ಣಗೆ ಮಾಡಲೇಬೇಕಾದ ದಿನ ಬಿಸಿನೀರಿನ ಸ್ನಾನ ಮುಗಿಸಿ, ಒಂದೇ ಬ್ಲೇಡಿನ ಹಳೆಯ ಕಾಲದ ರೇಜರ್ ಹಿಡಿಯುತ್ತೇನೆ. ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೋ ಅದೇ ದಿಕ್ಕಿಗೆ, ಒಂದೇ ಸಲ. ಆ ದಿಕ್ಕು ಗೊತ್ತಾಗಬೇಕಾದರೆ ಎರಡು ದಿನದ ಗಡ್ಡದ ಮೇಲೆ ಬೆರಳು ಆಡಿಸಬೇಕು. ನನ್ನ ಎಡ ಕುತ್ತಿಗೆಯಲ್ಲಿ ಕೂದಲು ಕಿವಿಯ ಕಡೆಗೆ ಅಡ್ಡಡ್ಡ ಬೆಳೆಯುತ್ತದೆ. ಅಷ್ಟು ವರ್ಷ ಕೆಳಗಿಂದ ಮೇಲೆ ಎಳೆದವನಿಗೆ ಅದು ಗೊತ್ತೇ ಇರಲಿಲ್ಲ.

ಲೇಸರ್ ಮಾಡಿಸಬಹುದು ಅಂತಲೂ ಮೇಡಂ ಹೇಳಿದ್ದರು. ನಮ್ಮಂಥ ಕಂದು ಚರ್ಮಕ್ಕೆ ಎನ್‌ಡಿ ಯಾಗ್ ಅನ್ನುವ ಬಗೆ ಸುರಕ್ಷಿತವಂತೆ, ಆರೇಳು ಸಲ ಹೋಗಬೇಕು. ದುಡ್ಡಿನ ಮಾತು ಬಿಡಿ. ಗಡ್ಡವೇ ಬರದಿದ್ದರೆ ಮಾಲೆ ಹಾಕಿದಾಗ ಹೇಗೆ ಕಾಣುತ್ತೇನೋ ಅಂತ ಹಿಂಜರಿದೆ.

ಹೆಂಡತಿಗೆ ಇದೆಲ್ಲ ಹೊಸದೇ ಅಲ್ಲ. ನಾನು ದೊಡ್ಡ ಶೋಧ ಮಾಡಿದವನ ಹಾಗೆ ವಿವರಿಸುತ್ತಿದ್ದರೆ, 'ರೀ, ಕಾಲಿಗೆ ವ್ಯಾಕ್ಸ್ ಮಾಡಿಸೋ ಎಲ್ಲಾ ಹೆಂಗಸರಿಗೂ ಇದು ಗೊತ್ತು' ಅಂದಳು. ವ್ಯಾಕ್ಸ್ ಎಳೆದಾಗ ಕೆಲವು ಕೂದಲು ಬೇರಿನಿಂದ ಬರದೆ ಮಧ್ಯದಲ್ಲೇ ತುಂಡಾಗುತ್ತವೆ. ಕೆಲವು ವಾರ ಕಳೆದು ಹೊಸದು ಬರುವಾಗ ಒಳಗೇ ಸುತ್ತಿಕೊಳ್ಳುತ್ತವೆ. ಅವಳು ಎರಡು ದಿನ ಕಾಲಿಗೆ ಏನೂ ಹಚ್ಚುವುದಿಲ್ಲ, ಸಡಿಲ ಹತ್ತಿಯ ಪ್ಯಾಂಟು ಹಾಕುತ್ತಾಳೆ. ಆಮೇಲೆ ವಾರಕ್ಕೆ ಮೂರು ದಿನ ಸ್ಯಾಲಿಸಿಲಿಕ್ ಆಸಿಡ್ 2% ಇರುವ ಲೋಶನ್ನು. ಅದು ಸತ್ತ ಚರ್ಮವನ್ನು ಸಡಿಲ ಮಾಡಿ ಕೂದಲಿಗೆ ದಾರಿ ಬಿಡಿಸುತ್ತದೆ. ಗರಗರ ಉಜ್ಜುವ ಸ್ಕ್ರಬ್ ಅವಳು ಮುಟ್ಟುವುದಿಲ್ಲ. 'ಉರಿಯೋ ಜಾಗಕ್ಕೆ ಮರಳು ಉಜ್ತಾರಾ ಯಾರಾದ್ರೂ?' ಅನ್ನುತ್ತಾಳೆ. ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಅಂದರೆ, ನೀವು ಮೊಡವೆ ಅಂದಿರಿ, ನಾನು ನಂಬಿದೆ ಅಂದಳು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಎಂಟು ಗಂಟೆ ಚಾರ್ಜಿಗೆ.

ಮುಂದಿನ ವಾರ ಮತ್ತೆ ಮಾಲೆ. ಟ್ರಿಮ್ಮರ್ ತೊಳೆದು ಒರೆಸಿ ಎತ್ತಿಡೋಣ ಅಂತ ಹುಡುಕಿದರೆ ಕಪಾಟಿನಲ್ಲಿ ಇಲ್ಲ. ಹೆಂಡತಿಯ ಲೋಶನ್ ಡಬ್ಬಗಳ ಪಕ್ಕ ಚಾರ್ಜಿಗೆ ಸಿಕ್ಕಿಸಿತ್ತು. 'ಹೇಗಿದ್ದರೂ ನಿಮಗೆ 41 ದಿನ ಬೇಡವಲ್ಲ' ಅಂದಳು.