ಗೇಣು ದೂರವೋ, ಮೊಳ ದೂರವೋ: ಅಮ್ಮನ ಹಾಡಿಗೆ ಮೈಕ್ ಹೊಂದಿಸಿದ್ದು

ಅಮ್ಮನಿಗೆ ಹಳೇ ಹಾಡುಗಳು ಬೇಕಾದಷ್ಟು ಬರುತ್ತವೆ. ಆರತಿ ಹಾಡು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು. ಯಾವುದನ್ನೂ ಬರೆದಿಟ್ಟಿಲ್ಲ. ರೆಕಾರ್ಡ್ ಮಾಡೋಣ ಅಂತ ಬ್ಲೂ ಯೇತಿ ಮೈಕ್ ತಂದೆ. ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ: ಮೈಕಿನ ನೆತ್ತಿಗೆ ಬಾಯಿಟ್ಟು ಹಾಡಿಸಿದೆ. ಈ ಮೈಕ್ ಕೇಳಿಸಿಕೊಳ್ಳುವುದು ನೆತ್ತಿಯಿಂದಲ್ಲ, ತನ್ನ ಮುಂಬದಿಯಿಂದ. ಆ ದಿನದ ರೆಕಾರ್ಡಿಂಗ್ ಎಲ್ಲ ಮಂಕು.

ಆಮೇಲೆ ಒಂದು ಭಾನುವಾರ ಕೂತು ಪರೀಕ್ಷೆ ಮಾಡಿದೆ. ಹಾಡು ಅದೇ, ಸಾಲು ಅವೇ ಎರಡು, ಸೆಟ್ಟಿಂಗ್ ಮಾತ್ರ ಬೇರೆ ಬೇರೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಗುಣ, ಹಾಗಾಗಿ ಹೋಲಿಸುವ ಮುಂಚೆ ಎಲ್ಲ ತುಣುಕುಗಳ ವಾಲ್ಯೂಮ್ ಸಮ ಮಾಡಿಕೊಂಡೆ.

ಯಾವ ದಿಕ್ಕಿನ ದನಿ ಹಿಡಿಯಬೇಕು ಅಂತ ಆರಿಸುವ ಗುಂಡಿ ಈ ಮೈಕಿನಲ್ಲಿದೆ. ಅದರಲ್ಲಿ ಕಾರ್ಡಿಯಾಯ್ಡ್ ಇಟ್ಟರೆ ಮುಂದಿನ ದನಿ ಬರುತ್ತದೆ, ಹಿಂದಿನದು ಕಮ್ಮಿಯಾಗುತ್ತದೆ. ಮೈಕಿನ ಬೆನ್ನನ್ನು ಫ್ರಿಜ್ ಕಡೆಗೆ ತಿರುಗಿಸಿದೆ, ಅದರ ಗುಂಯ್‌ಗುಡುವಿಕೆ ಅರ್ಧಕ್ಕರ್ಧ ಇಳಿಯಿತು. ಓಮ್ನಿಯಲ್ಲಿ, ಅಂದರೆ ಸುತ್ತಲಿನ ದನಿಯನ್ನೆಲ್ಲ ಹಿಡಿಯುವ ಸೆಟ್ಟಿಂಗಿನಲ್ಲಿ, ಹಾಲ್ ಪೂರ್ತಿ ಬಂತು, ಪಕ್ಕದ ಮನೆ ಕುಕ್ಕರ್ ಸೀಟಿ ಸಮೇತ. ಅಮ್ಮನಿಗೆ ಇದೇ ಇಷ್ಟವಾಯಿತು. "ಇದು ನಮ್ಮನೆ ಥರ ಕೇಳತ್ತೆ ಕಣೋ" ಅಂದರು. ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ನಿಜವಾದ ವ್ಯತ್ಯಾಸ ಕಂಡಿದ್ದು ದೂರದಲ್ಲಿ. ಮೊದಲು ಮೈಕನ್ನು ಒಂದು ಮೊಳ ದೂರ ಇಟ್ಟು ಗೇನ್ (ಮೈಕ್ ಹಿಡಿದ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿದೆ. ದನಿ ಬಂತು, ಜೊತೆಗೆ ಗೋಡೆಯ ಮಾರ್ದನಿ, ಫ್ಯಾನಿನ ಗಾಳಿ ಎಲ್ಲವೂ ಏರಿ ಬಂದವು. ಆಮೇಲೆ ಒಂದು ಗೇಣಿಗೆ ತಂದೆ. ಎರಡು ಗೇಣು ಸೇರಿದರೆ ಒಂದು ಮೊಳ ಅಲ್ವಾ? ದೂರ ಅರ್ಧವಾದರೆ ಮೈಕಿಗೆ ನೇರ ಬೀಳುವ ದನಿ ಸುಮಾರು 6 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಗೇನ್ ಇಳಿಸಿ, ಅತಿ ಜೋರಿನ ಜಾಗದಲ್ಲೂ ರೆಕಾರ್ಡಿಂಗ್ ಮೀಟರು ಮೈನಸ್ 12 ಡಿಬಿ ಆಸುಪಾಸು ನಿಲ್ಲುವಂತೆ ಮಾಡಿದೆ (ಅದು ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ). ಅಮ್ಮ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಆಸೆಗೆ ಬಿದ್ದು ನಾಲ್ಕು ಬೆರಳಿನಷ್ಟು ಹತ್ತಿರಕ್ಕೂ ತಂದು ನೋಡಿದೆ. ದನಿ ರೇಡಿಯೋದವರ ಥರ ದಪ್ಪವಾಯಿತು, 'ಪ', 'ಬ' ಬಂದಾಗಲೆಲ್ಲ ಡಬ್ ಡಬ್ ಅಂತ ಬಡಿಯಿತು. ಅದು ಅಮ್ಮನ ದನಿ ಅಲ್ಲವೇ ಅಲ್ಲ.

ರೆಕಾರ್ಡಿಂಗ್ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಹಿಂದಿನ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಕೂಡ ಹಾಕಿ ನೋಡಿದೆ. 24 ಡಿಬಿ ತಗ್ಗಿಸು ಅಂತ ಕೊಟ್ಟಾಗ ಹಿಂದಿನ ಸದ್ದು ಮಾಯ, ಆದರೆ ಅಮ್ಮ ಕೊಡದೊಳಗೆ ಕೂತು ಹಾಡಿದಂತಾಯಿತು. ಸಾಲಿನ ಕೊನೆಯ ಎಳೆತ ಕತ್ತರಿಸಿ ಹೋಯಿತು, 'ಹ' ಅನ್ನುವುದು 'ಅ' ಆಯಿತು. 6 ಡಿಬಿ ಪರವಾಗಿಲ್ಲ. ಇದನ್ನು ಹಾಕಬೇಕಾದರೆ ಹಾಡಿನ ಮುಂಚೆ ಐದು ಸೆಕೆಂಡ್ ಯಾರೂ ಉಸಿರೆತ್ತದೆ ಕೂರಬೇಕು, ಆ ಖಾಲಿ ಸದ್ದನ್ನೇ ಅದಕ್ಕೆ ಮಾದರಿಯಾಗಿ ತೋರಿಸಬೇಕು.

80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ಥಾಯಿಯ ಸದ್ದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಮಾತ್ರ ಕಣ್ಮುಚ್ಚಿ ಹಾಕಬಹುದು. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಅಲ್ಲೇ ಇರೋದು, ಹೆಂಗಸರ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಇದನ್ನೇ 120ಕ್ಕೆ ಏರಿಸಿ ಅಪ್ಪನ ಕೈಲಿ ಎರಡು ಮಾತಾಡಿಸಿದೆ. ಶೀತ ಹಿಡಿದವರ ಥರ ತೆಳ್ಳಗೆ ಕೇಳಿತು.

ಹಾಗಾಗಿ ಕಾರ್ಡಿಯಾಯ್ಡ್, ಒಂದು ಗೇಣು, ಕಮ್ಮಿ ಗೇನ್ ಅಂತ ಗೊತ್ತು ಮಾಡಿದ್ದೇನೆ. ಉಳಿದಿರುವುದು ಫ್ಯಾನಿನ ಜಗಳ. ಆಫ್ ಮಾಡಿದರೆ ಅಮ್ಮನಿಗೆ ಸೆಕೆ, ಹಾಕಿದರೆ ನನಗೆ ತಲೆನೋವು. ಸದ್ಯಕ್ಕೆ ಎರಡು ಹಾಡಿಗೊಮ್ಮೆ ಫ್ಯಾನ್ ಹಾಕಿ ಮಜ್ಜಿಗೆ ಕುಡಿಯುವುದು ಅಂತ ರಾಜಿಯಾಗಿದೆ.