ಜಯನಗರವೋ, ಸರ್ಜಾಪುರ ರಸ್ತೆಯೋ? ಮೊದಲು ರಸ್ತೆ ನೋಡಿ

ಬೆಂಗಳೂರಲ್ಲಿ ಮನೆ ಹುಡುಕ್ತಾ ಇದ್ದರೆ ಈಜುಕೊಳ, ಜಿಮ್ ಆಮೇಲೆ ನೋಡಿ. ಮೊದಲು ಮ್ಯಾಪ್ ತೆಗೆಯಿರಿ.

1948ರಲ್ಲಿ ಶುರುವಾದ ಜಯನಗರದಲ್ಲಿ ಮೇನ್‌ಗಳು, ಕ್ರಾಸ್‌ಗಳು ಒಂದಕ್ಕೊಂದು ಕೂಡಿಕೊಂಡಿವೆ. ಒಂದು ಕ್ರಾಸ್‌ಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರೆ ಪಕ್ಕದ್ದರಲ್ಲಿ ನುಗ್ಗಿದರಾಯ್ತು. ಹಾಲು, ತರಕಾರಿಗೆ ನಡೆದೇ ಹೋಗಬಹುದು.

ಸರ್ಜಾಪುರ ರಸ್ತೆ ಕಡೆ ಊರು ಬೆಳೆದದ್ದೇ ಬೇರೆ ಥರ. ಹೊಲಗಳು ಮಾರಾಟವಾದ ಹಾಗೆಲ್ಲ ಒಂದೊಂದೇ ಲೇಔಟ್, ಅಪಾರ್ಟ್‌ಮೆಂಟ್ ಎದ್ದವು, ಒಂದೊಂದಕ್ಕೂ ಅದರದೇ ಕಾಂಪೌಂಡು, ಅದರದೇ ಗೇಟು, ಮತ್ತೆ ಎಲ್ಲರೂ ಬಂದು ಬೀಳೋದು ಅದೇ ಹಳೇ ಹಳ್ಳಿ ರಸ್ತೆಗೆ. ಹಿಂದಿನ ಗೋಡೆಯಾಚೆ ಇರುವ ಅಂಗಡಿಯ ಬೋರ್ಡನ್ನು ಬಾಲ್ಕನಿಯಿಂದಲೇ ಓದಬಹುದು, ಆದರೆ ಅಲ್ಲಿಗೆ ಹೋಗಬೇಕಂದ್ರೆ ಗೇಟು ದಾಟಿ, ಮುಖ್ಯ ರಸ್ತೆ ಹಿಡಿದು, ಯೂ ಟರ್ನ್ ಹೊಡೆದು ಸುತ್ತಬೇಕು! ರಸ್ತೆ ಅಗಲ ಮಾಡಬಹುದು, ಆದ್ರೆ ಮನೆಗಳ ಮಧ್ಯೆ ಹೊಸದಾಗಿ ಕ್ರಾಸ್ ಕೊರೆಯೋದು ಸುಲಭ ಅಲ್ಲ ಅಲ್ವಾ?

ಜಯನಗರದಲ್ಲಿ ಪಾರ್ಕಿಂಗ್ ತಲೆನೋವು, ಮನೆಗಳೂ ಹಳೇವು. ಆದರೂ ವಯಸ್ಸಾದವರು, ಮಕ್ಕಳು ಇದ್ದರೆ ನಾನು ಅಲ್ಲಿಗೇ ಓಟು ಹಾಕ್ತೀನಿ. ಆಫೀಸು ಸರ್ಜಾಪುರ ಕಡೆ ಇದ್ದರೆ ಮಾತ್ರ ಸುಮ್ನೆ ದಿನಾ ಒದ್ದಾಡಬೇಡಿ, ಅಲ್ಲೇ ಇರಿ. ಅಡ್ವಾನ್ಸ್ ಕೊಡೋ ಮುಂಚೆ ಹಿಂದಿನ ಗೇಟು ಇದೆಯಾ, ಅದನ್ನ ನಿಜವಾಗಿ ತೆಗೀತಾರಾ ಅಂತ ವಾಚ್‌ಮನ್ ಹತ್ರ ಕೇಳಿ.