ಡಗ್ಗಾ ಕೇಳೋಕೆ ತಗೊಂಡ ಸಬ್‌ವೂಫರ್, ಮೂರು ವರ್ಷ ಆದ ಮೇಲೆ

ಹತ್ತು ಇಂಚಿನ ಸಬ್‌ವೂಫರ್, ಅಂದ್ರೆ ಕೆಳಸ್ವರಕ್ಕೆ ಅಂತಲೇ ಇರೋ ಸ್ಪೀಕರ್. ಬಾಕ್ಸ್ ಮೇಲಿನ ವಿವರ ಎಲ್ಲ ಕಡೆ ಸಿಗುತ್ತೆ, ಮತ್ತೆ ಬರೆಯಲ್ಲ. ಕಂಪನಿ ಹೆಸರೂ ಬೇಡ, ಯಾಕಂದ್ರೆ ನನ್ನ ಒಂದು ದೂರು ಈ ಬೆಲೆಯ ಬೇರೆ ಸಬ್‌ವೂಫರ್‌ಗಳಲ್ಲೂ ಬರಬಹುದಾದದ್ದು. 28 ಸಾವಿರ ಕೊಟ್ಟೆ. ಎರಡು ದೀಪಾವಳಿಯ ಬೋನಸ್ ಕೂಡಿಸಿ ತಗೊಂಡಿದ್ದು, ಹಾಗಾಗಿ ಇದನ್ನ ಮಾರಿ ಇನ್ನೊಂದು ತರೋಣ ಅನ್ನೋ ಯೋಚನೆಗೆ ಜಾಗವೇ ಇರಲಿಲ್ಲ.

ತಗೊಂಡಿದ್ದು ಡಗ್ಗಾಗೋಸ್ಕರ, ಅಂದ್ರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸೋ ದೊಡ್ಡದು. ತಬಲಾ ಕೇಳುವವರಿಗೆ ಗೊತ್ತು, ಎಡಗೈ ಬೆರಳು ಬಡಿದ ಮೇಲೆ ಅಂಗೈ ಬುಡ ಚರ್ಮದ ಮೇಲೆ ಒತ್ತಿ ಜಾರುತ್ತೆ, ಆಗ ಆ ನಾದ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತೆ. ನನ್ನ ಐದು ಇಂಚಿನ ಪುಟ್ಟ ಸ್ಪೀಕರ್‌ಗಳಲ್ಲಿ ಆ ಎಳೆತದ ಮೇಲಿನ ಅರ್ಧ ಮಾತ್ರ ಬರ್ತಿತ್ತು. ಬುಡ ಬೇಕಿತ್ತು ನನಗೆ.

ಬುಡ ಬಂತು, ಆದರೆ ಕೆಟ್ಟದಾಗಿ ಬಂತು. ಎಳೆತ ಶುರುವಾಗಿ ಒಂದು ಜಾಗಕ್ಕೆ ಬಂದ ಕೂಡಲೇ ಗುಂಯ್ ಅಂತ ಉಬ್ಬಿ ಇಡೀ ಪಡಸಾಲೆ ತುಂಬಿಬಿಡೋದು, ಆಮೇಲೆ ಮತ್ತೆ ತೆಳ್ಳಗಾಗೋದು. ಎಲ್ಲ ತಾಳಕ್ಕೂ ಅದೇ ಜಾಗದಲ್ಲಿ ಅದೇ ಗುಂಯ್. ವಾಲ್ಯೂಮ್ ಇಳಿಸಿದೆ, ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸ್ವರ ಸಬ್‌ವೂಫರ್‌ಗೆ ಅನ್ನೋ ಗಡಿ) 80 ಹರ್ಟ್ಸ್‌ನಿಂದ 60ಕ್ಕೆ ತಂದೆ, ಫೇಸ್ (ಅದರ ಅಲೆಯನ್ನ ಉಳಿದ ಸ್ಪೀಕರ್‌ಗಳ ಅಲೆಗೆ ಹೊಂದಿಸೋದು) ತಿರುಗಿಸಿದೆ. ಹದಿನಾಲ್ಕು ತಿಂಗಳು ಹೀಗೇ ಹೋಯ್ತು. ಕಂಪನಿಯ ಸಹಾಯವಾಣಿಯವರು ಹೇಳಿದ್ದು ಇಷ್ಟೇ, ‘ಮೂಲೆಯಲ್ಲಿಡಿ ಸರ್, ಬೇಸ್ ಜಾಸ್ತಿ ಬರುತ್ತೆ’. ಮೂಲೆಯಲ್ಲೇ ಇತ್ತು ಅದು!

ನಮ್ಮ ಮನೆ ವಿಜಯಪುರದಲ್ಲಿ, ಹಳೇ ಕಟ್ಟಡ. ದಪ್ಪ ಗೋಡೆ, ಶಹಾಬಾದ್ ಕಲ್ಲಿನ ನೆಲ, ಪಡಸಾಲೆ 16 ಅಡಿ ಉದ್ದ, 12 ಅಡಿ ಅಗಲ. ಗೋಳಗುಮ್ಮಟದ ಊರಲ್ಲಿ ಬೆಳೆದವರಿಗೆ ಚಪ್ಪಾಳೆ ತಟ್ಟಿ ಕಿವಿಗೊಡೋದು ಚಿಕ್ಕಂದಿನ ಅಭ್ಯಾಸ ಅಲ್ವಾ, ಪಡಸಾಲೆಯಲ್ಲೂ ತಟ್ಟಿ ನೋಡಿದೆ. ಟರ್ರ್ ಅಂತ ವಾಪಸ್ ಬಂತು. ಅವ್ವ ಹೊಲಿದ ಎರಡು ಕೌದಿ ಗೋಡೆಗೆ ತೂಗುಹಾಕಿದೆ, ಟರ್ರ್ ಹೋಯ್ತು, ತಂಬೂರಿ ಎಷ್ಟೋ ಚೆನ್ನಾಗಿ ಬಿಡಿಸಿ ಕೇಳಿಸ್ತು. ಡಗ್ಗಾದ ಗುಂಯ್ ಮಾತ್ರ ಹಾಗೇ ಇತ್ತು. ಕೌದಿಗೆ ಅದು ಎಟುಕಲ್ಲ. 70 ಹರ್ಟ್ಸ್‌ನ ಅಲೆ ಸುಮಾರು ಐದು ಮೀಟರ್ ಉದ್ದ ಇರುತ್ತೆ, ಬೆರಳು ದಪ್ಪದ ಬಟ್ಟೆ ಅದನ್ನ ಎಲ್ಲಿ ತಡೆಯುತ್ತೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದು ಹಳೇ ಉಪಾಯ, ಕೇಳೋ ಜಾಗ, ಸಬ್‌ವೂಫರ್ ಜಾಗ ಅದಲುಬದಲು ಮಾಡಿ ಹುಡುಕೋದು. ಸಬ್‌ವೂಫರ್ ಎತ್ತಿ ನಾನು ದಿನಾ ಕೂರುವ ಸೋಫಾ ಮೇಲೆ ಇಟ್ಟೆ. ಒಂದೇ ತಬಲಾ ತುಣುಕನ್ನ ಮತ್ತೆ ಮತ್ತೆ ಬರೋ ಹಾಗೆ ಹಾಕಿದೆ. ಆಮೇಲೆ ಗೋಡೆ ಪಕ್ಕ ಮೊಣಕಾಲೂರಿ, ಕಿವಿ ನೆಲದ ಹತ್ತಿರ ಇಟ್ಟು ಒಂದೊಂದೇ ಅಡಿ ಸರಿತಾ ಹೋದೆ. ಮೂಲೆಯಲ್ಲಿ ಗುಂಯ್. ಎರಡು ಅಡಿ ಆಚೆ ಸ್ವಲ್ಪ ಕಡಿಮೆ. ಬಲಗೋಡೆಗುಂಟ ಮುಂದಿನ ಮೂಲೆಯಿಂದ ನಾಲ್ಕು ಅಡಿ ದೂರ ಬಂದಾಗ ಡಗ್ಗಾ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಜಾರಿತು. ಎಲ್ಲೂ ಉಬ್ಬಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಇನ್ನೂ ಐದಾರು ಸಲ ಕೇಳಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಸಬ್‌ವೂಫರ್ ಅಲ್ಲಿಗೆ ತಂದಿಟ್ಟೆ.

ಲೆಕ್ಕ ಆಮೇಲೆ ಹಾಕಿದ್ದು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತೆ. ನಮ್ಮ 16 ಅಡಿ ಅಂದರೆ 4.9 ಮೀಟರ್. 345ನ್ನ ಅದರ ಎರಡರಷ್ಟರಿಂದ ಭಾಗಿಸಿದರೆ 35 ಹರ್ಟ್ಸ್, ಅದರ ದುಪ್ಪಟ್ಟು 70. ಈ 35, 70ರ ಸ್ವರಗಳು ಎರಡು ಗೋಡೆಗಳ ನಡುವೆ ನಿಂತುಬಿಡುತ್ತವೆ, ಡಗ್ಗಾ ಉಬ್ಬುತ್ತಿದ್ದದ್ದು ಆ 70ರ ಹತ್ತಿರ. 70ರ ಅಲೆ ಗೋಡೆ ಹತ್ತಿರ ಜೋರಾಗಿರುತ್ತೆ, ಉದ್ದದ ಕಾಲು ಭಾಗದಲ್ಲಿ ಸತ್ತಿರುತ್ತೆ. ಅಲ್ಲಿ ಇಟ್ಟ ಸಬ್‌ವೂಫರ್ ಅದನ್ನ ಕೆಣಕೋಕೆ ಆಗಲ್ಲ. 16ರ ಕಾಲು ಭಾಗ ನಾಲ್ಕು! ಕಿವಿ ಹುಡುಕಿದ್ದೂ ಅದೇ ನಾಲ್ಕು. ಆ ದಿನದ ಖುಷಿ ಈಗಲೂ ಇದೆ.

ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಎರಡು ಅಡಿ ಮುಂದೆ ಎಳೆದೆ, ಕೆಳಸ್ವರ ಇನ್ನೂ ಹಗುರಾಯ್ತು. ಉಳಿದ ಗುಂಯ್ ಹೀರೋಕೆ ಹಿಂದಿನ ಎರಡು ಮೂಲೆಗೆ ಗಾದಿ ಸುತ್ತಿ ಕಂಬದ ಹಾಗೆ ನಿಲ್ಲಿಸಬೇಕಿತ್ತು. ಗಾಂಧಿ ಚೌಕದ ಹತ್ತಿರ ಗಾದಿ ಮಾಡುವವರಿಗೆ ಅಳತೆ ಕೊಟ್ಟೆ. ‘ಗ್ವಾಡಿಗೆ ಯಾರರ ಗಾದಿ ಹಾಕ್ತಾರೇನ್ರಿ ಸರ?’ ಅಂತ ಕೇಳಿದರು, ಆದರೆ ಹತ್ತಿ ಗಟ್ಟಿಯಾಗಿ ತುಂಬಿ, ನೆಟ್ಟಗೆ ನಿಲ್ಲೋ ಹಾಗೆ ಒಳಗೆ ಬಿದಿರು ಕೊಟ್ಟು ಹೊಲಿದರು. ತುಂಬಾ ಚೆನ್ನಾಗಿ ಮಾಡಿದ್ದಾರೆ. ಪೆಟ್ಟು ಬಿದ್ದ ಮೇಲೆ ಉಳಿಯುತ್ತಿದ್ದ ಬಾಲ ಗಿಡ್ಡ ಆಯ್ತು. 35ರ ಹತ್ತಿರ ಏನೂ ಬದಲಾಗಿಲ್ಲ, ಅದಕ್ಕೆ ಅಷ್ಟು ಹತ್ತಿ ಸಾಲದು. ತಬಲಾದಲ್ಲಿ ಅಷ್ಟು ಕೆಳಗೆ ಏನೂ ಇಲ್ಲದ್ದರಿಂದ ನಾನು ಬಿಟ್ಟುಬಿಟ್ಟೆ. ಸಿನಿಮಾ ನೋಡುವವರಿಗೆ ಅದು ತೊಂದರೆಯೇ.

ಇನ್ನೊಂದು, ಫೋನಿನಲ್ಲಿ ಉಚಿತ ಟೋನ್ ಆ್ಯಪ್ ಹಾಕಿ 30ರಿಂದ 100ರವರೆಗೆ ನಿಧಾನ ಏರಿಸಿ ನೋಡಿ. ನಮ್ಮಲ್ಲಿ 56ಕ್ಕೆ ದೇವರ ಜಗಲಿ ಮೇಲಿನ ಆರತಿ ತಟ್ಟೆ ಝೇಂ ಅಂತಿತ್ತು. ‘ಏನ್ರೀ, ಡಬ್ಬಿ ಮುಚ್ಚಳ ಎಲ್ಲಾ ನಡಗಾಕತ್ತಾವು’ ಅಂತ ಮನೆಯವರು ಅಡುಗೆಮನೆಯಿಂದ ಕೂಗಿದ್ದು 62ಕ್ಕೆ. ತಟ್ಟೆ ಕೆಳಗೆ ಬಟ್ಟೆ ಇಟ್ಟೆ, ಕಿಟಕಿ ಸಂದಿಗೆ ಕಾಗದ ಮಡಚಿ ಸಿಕ್ಕಿಸಿದೆ. ಅರ್ಧ ಗೊಗ್ಗರು ದನಿ ಅಲ್ಲೇ ಇತ್ತು.

ಈಗ ದಿನಾ ರಾತ್ರಿ ಹತ್ತಕ್ಕೆ ಊಟ ಮುಗಿಸಿ ಕೂರ್ತೀನಿ. ಫ್ಯಾನ್ ಆರಿಸ್ತೀನಿ, ಮೇ ತಿಂಗಳಲ್ಲೂ, ಒಂದು ತಾಸು ಸೆಕೆ ತಡ್ಕೊಂಡು. ಮಲ್ಲಿಕಾರ್ಜುನ ಮನ್ಸೂರರ ಹಳೇ 78 ಆರ್‌ಪಿಎಂ ಮುದ್ರಿಕೆಗಳಾದರೆ ಸಬ್‌ವೂಫರ್‌ಗೆ ಕೆಲಸವೇ ಕಡಿಮೆ, ಅದರಲ್ಲಿ ಕೆಳಸ್ವರ ಅಷ್ಟು ಇಲ್ಲ. ಈಚಿನ ಒಳ್ಳೆ ಮುದ್ರಣವಾದರೆ ಡಗ್ಗಾದವರ ಅಂಗೈ ಜಾರೋದು ಕಣ್ಣಿಗೆ ಕಂಡ ಹಾಗೆ ಇರುತ್ತೆ.

ಈಗ ಆ ದೂರು. ಈ ಯಂತ್ರಕ್ಕೆ ಆಟೋ ಸ್ಟ್ಯಾಂಡ್‌ಬೈ ಬಿಟ್ಟರೆ ಗತಿ ಇಲ್ಲ, ಸದಾ ಆನ್ ಇಡೋ ಸ್ವಿಚ್ ಕೊಟ್ಟೇ ಇಲ್ಲ. ಇಪ್ಪತ್ತು ನಿಮಿಷ ಕೆಳಸ್ವರ ಬರದಿದ್ದರೆ ನಿದ್ದೆಗೆ ಹೋಗುತ್ತೆ. ಬಾನ್ಸುರಿಯ ಆಲಾಪ ಅರ್ಧ ತಾಸು ನಡೆದು, ಗತ್ (ತಬಲಾ ಸೇರೋ ಭಾಗ) ಶುರುವಾಗಿ, ಮೊದಲ ‘ಧಾ’ ಬೀಳುತ್ತೆ, ಅದು ಬುಡ ಇಲ್ಲದ ಧಾ. ಎರಡು ಸೆಕೆಂಡ್ ಆದ ಮೇಲೆ ಠಪ್ ಅಂತ ಸಬ್‌ವೂಫರ್ ಏಳುತ್ತೆ. ಅರ್ಧ ತಾಸು ಕಾದಿದ್ದೇ ಆ ಮೊದಲ ಧಾಗೆ! ನನಗೆ ಇದು ಸಣ್ಣ ತಪ್ಪು ಅನ್ನಿಸಲ್ಲ. ಆಂಪ್ಲಿಫೈಯರ್‌ನಿಂದ ವೈ ಕೇಬಲ್ (ಒಂದು ತುದಿ ಎರಡಾಗಿ ಕವಲೊಡೆದ ತಂತಿ) ಹಾಕಿ ಎಡ, ಬಲ ಎರಡೂ ಕಿಂಡಿಗೆ ಕೊಟ್ಟು, ಸಬ್‌ವೂಫರ್‌ನ ಗೇನ್ (ಅದರದ್ದೇ ವಾಲ್ಯೂಮ್) ಅದಕ್ಕೆ ತಕ್ಕಷ್ಟು ಇಳಿಸಿದೆ. ಒಳಗೆ ಹೋಗೋ ಸಿಗ್ನಲ್ ಜೋರಾದ್ದರಿಂದ ಬೇಗ ಎಚ್ಚರ ಆಗುತ್ತೆ. ಹಗಲು ಪರವಾಗಿಲ್ಲ. ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಈಗಲೂ ಮಲಗಿಬಿಡುತ್ತೆ.

ನೀವು ತಗೊಳ್ಳೋದಾದರೆ ಹಿಂದೆ ಆನ್, ಆಟೋ ಅಂತ ಸ್ವಿಚ್ ಇದೆಯಾ ನೋಡಿ, ಎರಡು ಸಾವಿರ ಜಾಸ್ತಿ ಆದರೂ ಕೊಡಿ. ನಾವಂತೂ ಆಲಾಪದ ನಂತರದ ಜೋಡ್ ಮುಗಿದು, ಗತ್‌ಗೆ ಮುಂಚಿನ ಚುರುಕು ಭಾಗವಾದ ಝಾಲಾ ಶುರುವಾಗುತ್ತಿದ್ದ ಹಾಗೆ ಎದ್ದು ಹೋಗಿ, ಹಿಂದಿನ ಪವರ್ ಸ್ವಿಚ್ ಒಮ್ಮೆ ಆರಿಸಿ ಹಾಕ್ತೀವಿ. ಮಗಳಿಗೆ ಈಗ ಅದರ ಸಮಯ ನನಗಿಂತ ಚೆನ್ನಾಗಿ ಗೊತ್ತು. ‘ಅಪ್ಪಾ, ಝಾಲಾ ಬಂತು’ ಅಂತ ಅವಳೇ ಏಳ್ತಾಳೆ.